ನಾಲ್ಕು ರೌಟರ್ ಎಬ್ಬಿಸಿದರೆ ಲ್ಯಾಪ್‌ಟಾಪ್ ನಿಂತೇ ಹೋಗುತ್ತೆ, ಏನು ಮಾಡಲಿ?

ಪ್ರಶ್ನೆ: ಮೇಡಂ, ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿದೆ. ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಮುಗಿಸಿ, ಮನೆಯಲ್ಲೇ ಕೂತು ನೆಟ್‌ವರ್ಕಿಂಗ್ ಓದುತ್ತಿದ್ದೇನೆ. ಲ್ಯಾಪ್‌ಟಾಪಿನಲ್ಲಿ 8 ಜಿಬಿ ಮೆಮೊರಿ, ವಿಂಡೋಸ್ 11 ಇದೆ. ಲ್ಯಾಪ್‌ಟಾಪಿನೊಳಗೇ ನೆಟ್‌ವರ್ಕ್ ಕಟ್ಟಿ ನೋಡುವ ಜಿಎನ್‌ಎಸ್3 ಹಾಕಿಕೊಂಡು, ಸ್ನೇಹಿತ ಪೆನ್‌ಡ್ರೈವಿನಲ್ಲಿ ಕೊಟ್ಟ ಸಿಸ್ಕೋದ ವರ್ಚುವಲ್ ರೌಟರ್ ಸಿಎಸ್‌ಆರ್ 1000ವಿ ಇಮೇಜಿನಿಂದ ನಾಲ್ಕು ರೌಟರ್ ಮಾಡಿದೆ. ಎರಡು ಏಳುವಷ್ಟರಲ್ಲೇ ಲ್ಯಾಪ್‌ಟಾಪ್ ನಿಂತ ಹಾಗಾಗುತ್ತೆ. ರೌಟರ್‌ಗಳು ದಾರಿ ಹಂಚಿಕೊಳ್ಳುವ ಓಎಸ್‌ಪಿಎಫ್ ಪ್ರೋಟೋಕಾಲಿನಲ್ಲಿ ಪಕ್ಕದ ರೌಟರ್ ನೇಬರ್ ಆಗುತ್ತೆ, ಸ್ವಲ್ಪ ಹೊತ್ತಿಗೆ ಬೀಳುತ್ತೆ, ಮತ್ತೆ ಆಗುತ್ತೆ. ಕಾನ್ಫಿಗರೇಶನ್ ಹತ್ತು ಸಲ ನೋಡಿದೆ, ತಪ್ಪು ಕಾಣಿಸುತ್ತಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದರೆ ಮಾಡಿದ್ದೆಲ್ಲ ಹೋಗುತ್ತೆ, ಬ್ಯಾಟರಿ ಹಳೆಯದು. ಹೊಸ ಲ್ಯಾಪ್‌ಟಾಪ್ ತಗೊಳ್ಳದೆ ಏನಾದರೂ ದಾರಿ ಇದೆಯಾ?

ಉತ್ತರ: ದಾರಿ ಇದೆ. ಮೊದಲು ಒಂದು ಸಮಾಧಾನದ ಮಾತು ಹೇಳುತ್ತೇನೆ. ನಿಮ್ಮ ಓಎಸ್‌ಪಿಎಫ್ ಕಾನ್ಫಿಗರೇಶನ್ ಬಹುಶಃ ಸರಿಯಾಗೇ ಇದೆ. ಹತ್ತು ಸಲ ನೋಡಿದ್ದೀರಿ, ಹನ್ನೊಂದನೇ ಸಲ ನೋಡೋದು ಬೇಡ. ಆ ರೌಟರ್ ಕೂತಿರುವ ಜಾಗವನ್ನು ನೋಡೋಣ.

ಓಎಸ್‌ಪಿಎಫ್ ಓಡಿಸುವ ರೌಟರ್, ಈಥರ್ನೆಟ್ ತಂತಿಯ ಮೇಲೆ ಮಾಮೂಲಿಯಾಗಿ 10 ಸೆಕೆಂಡಿಗೊಮ್ಮೆ ಹಲೋ ಅನ್ನೋ ಸಣ್ಣ ಸಂದೇಶ ಕಳಿಸುತ್ತೆ. ಪಕ್ಕದ ರೌಟರಿನಿಂದ 40 ಸೆಕೆಂಡ್ ಹಲೋ ಬರಲಿಲ್ಲ ಅಂದ್ರೆ, ಅದು ಇಲ್ಲ ಅಂತ ತೀರ್ಮಾನ ಮಾಡುತ್ತೆ. ಈಗ ನಿಮ್ಮ ಲೆಕ್ಕ ನೋಡಿ. ಸಿಎಸ್‌ಆರ್ 1000ವಿ ಒಂದಕ್ಕೇ 4 ಜಿಬಿ ಮೆಮೊರಿ ಕೊಡಬೇಕು. ನಾಲ್ಕಕ್ಕೆ 16 ಆಯಿತು. ಇರೋದು 8, ಅದರಲ್ಲಿ ವಿಂಡೋಸ್ ತನ್ನ ಪಾಲು ಮೊದಲೇ ತಗೊಂಡಿರುತ್ತೆ. ಮೆಮೊರಿಯಲ್ಲಿ ಹಿಡಿಯದ್ದನ್ನು ಡಿಸ್ಕಿಗೆ ಬರೆಯೋದು, ಬೇಕಾದಾಗ ಮತ್ತೆ ಓದೋದು, ಇದರಲ್ಲೇ ಕಂಪ್ಯೂಟರಿನ ಹೊತ್ತೆಲ್ಲ ಹೋಗುತ್ತೆ. ಅಷ್ಟು ಹೊತ್ತೂ ರೌಟರ್ ಪ್ರಾಸೆಸರ್ ಸಿಗದೆ ಕಾಯುತ್ತಿರುತ್ತೆ. ಹಲೋ ಕಳಿಸುವ ಹೊತ್ತಾಗಿದೆ, ಕಳಿಸೋಕೆ ಸರದಿ ಬರುತ್ತಿಲ್ಲ. 40 ಸೆಕೆಂಡ್ ದಾಟಿದ ಕೂಡಲೇ ನೇಬರ್ ಬೀಳುತ್ತೆ. ಉಸಿರು ಸಿಕ್ಕಾಗ ಮತ್ತೆ ಎದ್ದು ನಿಲ್ಲುತ್ತೆ.

ಇದನ್ನು ನೀವೇ ಪರೀಕ್ಷೆ ಮಾಡಬಹುದು. ನೇಬರ್ ಬಿದ್ದಾಗ ಕಾನ್ಸೋಲಿನಲ್ಲಿ ಬರುವ ಸಾಲಿನ ಕೊನೆ ಓದಿ. ಅಲ್ಲಿ ಡೆಡ್ ಟೈಮರ್ ಎಕ್ಸ್‌ಪೈರ್ಡ್, ಅಂದ್ರೆ ಆ 40 ಸೆಕೆಂಡಿನ ಗಡುವು ಮುಗಿಯಿತು ಅಂತ ಇದ್ದು, ಬೇರೆ ಬೇರೆ ರೌಟರ್‌ಗಳ ನೇಬರ್‌ಗಳು ಹೆಚ್ಚು ಕಮ್ಮಿ ಒಂದೇ ಹೊತ್ತಿಗೆ ಬಿದ್ದಿದ್ದರೆ, ಉಸಿರು ಕಟ್ಟಿರೋದು ಲ್ಯಾಪ್‌ಟಾಪಿಗೆ. ಒಂದೇ ಒಂದು ತಂತಿಯ ಮೇಲಿನ ನೇಬರ್ ಮಾತ್ರ ಬೀಳುತ್ತಾ ಉಳಿದವು ಗಟ್ಟಿಯಾಗಿ ನಿಂತಿದ್ದರೆ, ಆಗ ಆ ತಂತಿಯ ಎರಡು ತುದಿಯ ಕಾನ್ಫಿಗರೇಶನ್ ನೋಡಿ. ಈ ಒಂದು ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಮಕ್ಕಳು ವಾರಗಟ್ಟಲೆ ಓಎಸ್‌ಪಿಎಫ್ ತಮಗೆ ಬರೋದೇ ಇಲ್ಲ ಅಂದುಕೊಂಡು ಕೂತಿದ್ದನ್ನು ನೋಡಿದ್ದೇನೆ. ಅದಕ್ಕೇ ಇಷ್ಟು ಬಿಡಿಸಿ ಹೇಳಿದೆ.

ಪ್ಯಾಕೆಟ್ ಟ್ರೇಸರ್ ಬಳಸಿ ಅಭ್ಯಾಸ ಇದ್ದವರಿಗೆ ಈ ಭಾರ ಅಂದಾಜಿಗೆ ಸಿಗೋದಿಲ್ಲ. ಅಲ್ಲಿ ಇಪ್ಪತ್ತು ರೌಟರ್ ಎಳೆದು ಹಾಕಿದರೂ ಲ್ಯಾಪ್‌ಟಾಪ್ ಸುಮ್ನೆ ಇರುತ್ತೆ. ರೌಟರ್ ಹೇಗೆ ನಡೆದುಕೊಳ್ಳುತ್ತೆ ಅಂತ ಬರೆದಿಟ್ಟ ಒಂದು ಪ್ರೋಗ್ರಾಂ ಅದು. ಬರೆದವರು ಹಾಕಿದ ಕಮಾಂಡ್ ಮಾತ್ರ ಅದರಲ್ಲಿ ಸಿಗುತ್ತೆ. ವರ್ಚುವಲ್ ರೌಟರ್ ಇಮೇಜ್ ಅಂದ್ರೆ ರೌಟರಿನ ನಿಜವಾದ ಆಪರೇಟಿಂಗ್ ಸಿಸ್ಟಮ್ ತುಂಬಿದ ಡಿಸ್ಕ್. ಅದನ್ನು ಎಬ್ಬಿಸಿದರೆ ಒಂದು ಇಡೀ ಕಂಪ್ಯೂಟರ್ ಆನ್ ಮಾಡಿದ ಹಾಗೆ. ಅದಕ್ಕೆ ಅದರದ್ದೇ ಪ್ರಾಸೆಸರ್, ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಕಾರ್ಡ್ ಎಲ್ಲ ಬೇಕು. ಅಡಿಕೆ ಬೇಯಿಸೋದು ನೋಡಿ ಬೆಳೆದವರು ನೀವು. ಒಲೆ ಒಂದೇ ಇರುವಾಗ ನಾಲ್ಕು ಹಂಡೆ ತಂದಿಟ್ಟರೆ ಒಂದೂ ಸರಿಯಾಗಿ ಬೇಯಲ್ಲ, ಅಲ್ವಾ?

ಈಗ ಒಲೆ ಸರಿಯಾಗಿ ಉರಿಯುತ್ತಿದೆಯಾ ನೋಡೋಣ. ಜಿಎನ್‌ಎಸ್3 ವಿಎಂ, ಅಂದ್ರೆ ವಿಂಡೋಸ್ ಒಳಗೆ ರೌಟರ್‌ಗಳನ್ನು ಓಡಿಸುವ ವರ್ಚುವಲ್ ಲಿನಕ್ಸ್ ಕಂಪ್ಯೂಟರ್, ಎದ್ದಾಗ ಅದರ ಮೊದಲ ಪರದೆಯಲ್ಲೇ ಕೆವಿಎಂ ಸಪೋರ್ಟ್ ಅಂತ ಒಂದು ಸಾಲು ಇರುತ್ತೆ. ಅದರ ಮುಂದೆ ಟ್ರೂ ಅಂತ ಇರಬೇಕು. ಕೆವಿಎಂ ಅನ್ನೋದು 2007ರಲ್ಲಿ ಲಿನಕ್ಸ್ ಕರ್ನಲ್ ಒಳಗೇ ಸೇರಿದ ಸೌಲಭ್ಯ. ಅದು ಇದ್ದರೆ ರೌಟರಿನ ಬಹುಪಾಲು ಕೆಲಸ ನೇರವಾಗಿ ನಿಮ್ಮ ಪ್ರಾಸೆಸರ್ ಮೇಲೇ ನಡೆಯುತ್ತೆ. ಫಾಲ್ಸ್ ಅಂತ ಇದ್ದರೆ ರೌಟರಿನ ಒಂದೊಂದು ಆಜ್ಞೆಯನ್ನೂ, ರೌಟರ್ ಓಡಿಸುವ ಕ್ಯೂಎಂಯು ಅನ್ನೋ ಪ್ರೋಗ್ರಾಂ ಸಾಫ್ಟ್‌ವೇರಿನಲ್ಲಿ ಅನುವಾದ ಮಾಡಿ ಓಡಿಸಬೇಕು. ಆಗ ಎರಡು ನಿಮಿಷದಲ್ಲಿ ಏಳುವ ಇಮೇಜಿಗೆ ಅರ್ಧ ಗಂಟೆ ಬೇಕಾದರೂ ಆಶ್ಚರ್ಯ ಇಲ್ಲ.

ಫಾಲ್ಸ್ ಬಂದರೆ ಮೂರು ಕಡೆ ಹುಡುಕಿ. ಬಯೋಸ್‌ನಲ್ಲಿ ವರ್ಚುವಲೈಸೇಶನ್ ಆನ್ ಆಗಿರಬೇಕು. ಇಂಟೆಲ್ ಆದರೆ ವಿಟಿ-ಎಕ್ಸ್, ಎಎಂಡಿ ಆದರೆ ಎಸ್‌ವಿಎಂ ಅಂತ ಹೆಸರಿರುತ್ತೆ. ಆ ವಿಎಂ ಓಡಿಸುವ ವಿಎಂವೇರ್‌ನಲ್ಲಿ ಅದರ ಪ್ರಾಸೆಸರ್ ಸೆಟ್ಟಿಂಗಿಗೆ ಹೋಗಿ ವರ್ಚುವಲೈಸೇಶನ್ ಟಿಕ್ ಮಾಡಿರಬೇಕು. ಇವೆರಡೂ ಸರಿ ಇದ್ದೂ ಬರಲಿಲ್ಲ ಅಂದ್ರೆ, ವಿಂಡೋಸ್ 11ರಲ್ಲಿ ಹೆಚ್ಚಾಗಿ ಕಾರಣ ಕೋರ್ ಐಸೋಲೇಶನ್ ಒಳಗಿನ ಮೆಮೊರಿ ಇಂಟೆಗ್ರಿಟಿ. ಅದು ವಿಂಡೋಸಿನದೇ ವರ್ಚುವಲೈಸೇಶನ್ ಆದ ಹೈಪರ್-ವಿಯನ್ನು ತೆರೆಮರೆಯಲ್ಲಿ ಎಬ್ಬಿಸಿ, ನೆಸ್ಟೆಡ್ ವರ್ಚುವಲೈಸೇಶನ್, ಅಂದ್ರೆ ವಿಎಂ ಒಳಗೆ ಇನ್ನೊಂದು ವಿಎಂ ಓಡಿಸೋದು, ಸಿಗದ ಹಾಗೆ ಮಾಡುತ್ತೆ. ಅದನ್ನು ಆಫ್ ಮಾಡಬಹುದು, ಆದರೆ ಅದು ನಿಮ್ಮ ಲ್ಯಾಪ್‌ಟಾಪಿನ ಒಂದು ಕಾವಲು. ಬ್ಯಾಂಕಿನ ಕೆಲಸ, ಮನೆಯವರ ಕಾಗದ ಪತ್ರ ಎಲ್ಲ ಅದೇ ಲ್ಯಾಪ್‌ಟಾಪಿನಲ್ಲಿ ಇದ್ದರೆ ಆಫ್ ಮಾಡಿ ಅಂತ ನಾನು ಹೇಳಲ್ಲ.

ಅದರ ಬದಲು ವಿಂಡೋಸ್ ಪಕ್ಕದಲ್ಲೇ ಉಬುಂಟು ಲಿನಕ್ಸ್ ಹಾಕಿಕೊಳ್ಳಿ. 8 ಜಿಬಿ ಇರುವವರಿಗೆ ನಾನು ಯಾವಾಗಲೂ ಹೇಳೋದು ಇದನ್ನೇ. ಈಗ ನಿಮ್ಮಲ್ಲಿ ವಿಂಡೋಸ್, ಅದರ ಮೇಲೆ ಜಿಎನ್‌ಎಸ್3 ವಿಎಂ, ಅದರ ಒಳಗೆ ರೌಟರ್ ಇದೆ. ಅಟ್ಟದ ಮೇಲೆ ಇನ್ನೊಂದು ಅಟ್ಟ ಕಟ್ಟಿದ ಹಾಗೆ. ಉಬುಂಟುವಿನಲ್ಲಿ ಜಿಎನ್‌ಎಸ್3 ನೇರವಾಗಿ ಓಡುತ್ತೆ, ನಡುವಿನ ವಿಎಂ ಬೇಕಾಗಲ್ಲ. ಉಳಿದ ಮೆಮೊರಿ ರೌಟರ್‌ಗಳಿಗೆ ಸಿಗುತ್ತೆ. ಹಾಕುವ ಮೊದಲು ಫೈಲುಗಳ ಪ್ರತಿ ಬೇರೆ ಡಿಸ್ಕಿನಲ್ಲಿ ಇಟ್ಟುಕೊಳ್ಳಿ, ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಪಾರ್ಟಿಷನ್ ಬದಲಾದಾಗ ವಿಂಡೋಸ್ ಆ ಕೀ ಕೇಳಬಹುದು, ಆಗ ಇಲ್ಲ ಅಂದ್ರೆ ಬಹಳ ಕಷ್ಟ. ಲಿನಕ್ಸ್‌ನಲ್ಲಿ ಕೆಎಸ್ಎಂ ಅನ್ನೋ ಇನ್ನೊಂದು ಅನುಕೂಲ ಇದೆ. ಒಂದೇ ಇಮೇಜಿನಿಂದ ನಾಲ್ಕು ರೌಟರ್ ಎದ್ದರೆ ಅವುಗಳ ಮೆಮೊರಿಯಲ್ಲಿ ಒಂದೇ ಥರ ಇರುವ ಪುಟಗಳು ಬೇಕಾದಷ್ಟು ಇರುತ್ತವೆ. ಕೆಎಸ್ಎಂ ಅವನ್ನು ಹುಡುಕಿ, ಒಂದೇ ಪ್ರತಿ ಇಟ್ಟು ಉಳಿದದ್ದನ್ನು ಬಿಡಿಸಿಕೊಡುತ್ತೆ. ಹುಡುಕೋಕೆ ಸ್ವಲ್ಪ ಪ್ರಾಸೆಸರ್ ಖರ್ಚಾಗುತ್ತೆ, ಆದರೂ ಮೆಮೊರಿ ಬಿಗಿ ಇರುವಲ್ಲಿ ಆನ್ ಮಾಡೋದು ಒಳ್ಳೆಯದು.

ನಾನು ಕಲಿಯುವಾಗ ಇದೇ ಪಾಡು ಬೇರೆ ರೂಪದಲ್ಲಿ ಬಂದಿತ್ತು. ಆಗ ನಮಗಿದ್ದದ್ದು ಡೈನಾಮಿಪ್ಸ್. ಫ್ರಾನ್ಸಿನ ಕ್ರಿಸ್ಟೋಫ್ ಫಿಯೋ 2005ರಲ್ಲಿ ಶುರು ಮಾಡಿದ ಎಮ್ಯುಲೇಟರ್ ಅದು. ಸಿಸ್ಕೋ 7200ರಂಥ ರೌಟರಿನ ಹಾರ್ಡ್‌ವೇರನ್ನೇ ಸಾಫ್ಟ್‌ವೇರಿನಲ್ಲಿ ಮಾಡಿ ತೋರಿಸುತ್ತಿತ್ತು. ವಿನೋಬನಗರದ ಬಾಡಿಗೆ ರೂಮಿನಲ್ಲಿ ಒಂದೇ ಒಂದು ರೌಟರ್ ಎಬ್ಬಿಸಿದರೂ ಪ್ರಾಸೆಸರ್ ನೂರಕ್ಕೆ ನೂರು. ರೌಟರ್ ಏನೂ ಮಾಡುತ್ತಿರಲಿಲ್ಲ, ಕೆಲಸಕ್ಕೆ ಕಾಯುತ್ತಾ ಒಂದೇ ಕಡೆ ಸುತ್ತು ಹೊಡೆಯುತ್ತಿತ್ತು ಅಷ್ಟೆ. ಎಮ್ಯುಲೇಟರಿಗೆ ಅದು ಗೊತ್ತಾಗದೆ, ಆ ಖಾಲಿ ಸುತ್ತನ್ನೂ ಪೂರ್ತಿ ವೇಗದಲ್ಲಿ ಓಡಿಸುತ್ತಿತ್ತು. ಐಡಲ್-ಪಿಸಿ ಅನ್ನೋ ಒಂದು ಸಂಖ್ಯೆ ಕೊಟ್ಟರೆ ಸುತ್ತು ಎಲ್ಲಿದೆ ಅಂತ ಅದಕ್ಕೆ ತಿಳಿಯುತ್ತೆ, ಅಲ್ಲಿಗೆ ಬಂದಾಗ ನಿದ್ದೆ ಹೋಗುತ್ತೆ. ಆ ಸಂಖ್ಯೆ ಕೊಟ್ಟ ರಾತ್ರಿ ಫ್ಯಾನ್ ಸದ್ದು ಒಮ್ಮೆಲೇ ನಿಂತಿದ್ದು ನನಗೆ ಇವತ್ತೂ ನೆನಪಿದೆ. ರೌಟರ್ ಕೂಡ ಒಂದು ಕಂಪ್ಯೂಟರೇ ಅನ್ನೋದು ನನಗೆ ಮನಸ್ಸಿಗೆ ಹೊಕ್ಕಿದ್ದು ಅವತ್ತೇ.

ಸರಿ, ಯಾವ ಇಮೇಜ್ ಬಳಸಬೇಕು? ಏನು ಕಲಿಯಬೇಕು ಅಂತ ಮೊದಲು ಕೇಳಿಕೊಳ್ಳಿ. ಓಎಸ್‌ಪಿಎಫ್, ಬೇರೆ ಬೇರೆ ಸಂಸ್ಥೆಗಳ ನೆಟ್‌ವರ್ಕ್ ನಡುವೆ ದಾರಿ ಹಂಚುವ ಬಿಜಿಪಿ ಹೇಗೆ ನಡೆಯುತ್ತೆ ಅಂತ ಕಲಿಯೋಕೆ ಎಫ್‌ಆರ್‌ಆರ್ ಅನ್ನೋ ಉಚಿತ ರೌಟರ್ ಸಾಫ್ಟ್‌ವೇರ್ ಸಾಕು. ಜಾಸ್ತಿ ಜನ ಅದನ್ನು ಬಡವರ ರೌಟರ್ ಅಂದುಕೊಂಡಿದ್ದಾರೆ, ಅದು ತಪ್ಪು. ಜೀಬ್ರಾ, ಆಮೇಲೆ ಕ್ವಾಗ್ಗಾ ಅಂತ ಬಂದ ವಂಶದಲ್ಲಿ 2017ರಲ್ಲಿ ಲಿನಕ್ಸ್ ಫೌಂಡೇಶನ್ ಅಡಿಯಲ್ಲಿ ಎದ್ದು ನಿಂತ ಯೋಜನೆ ಅದು. ನಿಜವಾದ ನೆಟ್‌ವರ್ಕ್‌ಗಳಲ್ಲಿ ದುಡಿಯುವ ಸಾಫ್ಟ್‌ವೇರ್. ಒಂದು ರೌಟರಿಗೆ 256 ಎಂಬಿ ಕೊಟ್ಟರೆ ಸಲೀಸಾಗಿ ಓಡುತ್ತೆ. ಅಂದ್ರೆ ಒಂದು ಸಿಎಸ್‌ಆರ್ ಕೂರುವ ಜಾಗದಲ್ಲಿ ಹದಿನಾರು! ವಿಟಿವೈಎಸ್ಎಚ್ ಅಂತ ಹೊಡೆದು ಒಳಗೆ ಹೋದರೆ ಕಮಾಂಡ್‌ಗಳು ಬಹುಪಾಲು ಸಿಸ್ಕೋ ಥರವೇ ಇರುತ್ತವೆ. ಹೊಸಬರು ಎಡವುವ ಜಾಗ ಒಂದಿದೆ. ಅದರ ಡೀಮನ್ಸ್ ಅನ್ನೋ ಫೈಲಿನಲ್ಲಿ ಓಎಸ್‌ಪಿಎಫ್ ಮೊದಲಿಗೆ ನೋ ಅಂತ ಇರುತ್ತೆ. ಯೆಸ್ ಮಾಡಿ ಸರ್ವಿಸ್ ಮತ್ತೆ ಶುರು ಮಾಡಬೇಕು.

ಮೈಕ್ರೋಟಿಕ್ ಕಂಪನಿಯ ವರ್ಚುವಲ್ ರೌಟರ್ ಸಿಎಚ್‌ಆರ್ ಕೂಡ ಹಗುರ. ಉಚಿತ ಲೈಸೆನ್ಸಿನಲ್ಲಿ ಪ್ರತಿ ಇಂಟರ್‌ಫೇಸಿನಿಂದ ಹೊರಗೆ ಹೋಗುವ ವೇಗ 1 ಎಂಬಿಪಿಎಸ್‌ಗೆ ಕಟ್ಟಿರುತ್ತೆ, ಪ್ರೋಟೋಕಾಲ್ ಕಲಿಯೋಕೆ ಅಷ್ಟು ಧಾರಾಳ. ಸಣ್ಣ ಊರುಗಳಲ್ಲಿ ಇಂಟರ್‌ನೆಟ್ ಕೊಡುವವರ ಹತ್ತಿರ ಕೆಲಸ ಹುಡುಕುವ ಯೋಚನೆ ಇದ್ದರೆ ಇದನ್ನು ಖಂಡಿತ ಕಲಿಯಿರಿ. ಲಿನಕ್ಸ್ ಮೇಲೆ ಕಟ್ಟಿದ ರೌಟರ್ ವೈಓಎಸ್ ಕೂಡ ಒಳ್ಳೆಯದು. ಅರಿಸ್ಟಾದ ವಿಇಓಎಸ್ ಒಂದಕ್ಕೆ ಸುಮಾರು 2 ಜಿಬಿ ಬೇಕು, ಒಂದು ಇಟ್ಟುಕೊಂಡು ರುಚಿ ನೋಡಬಹುದು. ಜುನಿಪರ್‌ನ ವಿಜುನೋಸ್ ರೌಟರಿಗೆ 5 ಜಿಬಿ ಬೇಕು, ಅದು ತನ್ನ ಒಳಗೇ ಇನ್ನೊಂದು ವಿಎಂ ಎಬ್ಬಿಸುತ್ತೆ. ಈಗಿನ ಲ್ಯಾಪ್‌ಟಾಪಿಗೆ ಅದು ಬೇಡವೇ ಬೇಡ.

ಸಿಸ್ಕೋ ಬೇಕೇ ಬೇಕು ಅಂದ್ರೆ ಸಿಸ್ಕೋದ್ದೇ ಲ್ಯಾಬ್ ಸಾಫ್ಟ್‌ವೇರ್ ಸಿಎಂಎಲ್‌ಗೆ ಉಚಿತ ರೂಪ ಬಂದಿದೆ, ಒಂದು ಸಲಕ್ಕೆ 5 ನೋಡ್, ಅಂದ್ರೆ ರೌಟರ್ ಥರದ ಸಾಧನ, ಓಡಿಸಬಹುದು. ಆದರೆ ಸಿಎಂಎಲ್ ಒಂದಕ್ಕೇ 8 ಜಿಬಿ ಕೇಳುತ್ತೆ, ನಿಮ್ಮಲ್ಲಿ ಇರೋದೇ ಅಷ್ಟು. ಹಾಗಾಗಿ ಕೈಯಲ್ಲಿ ದುಡ್ಡು ಸೇರಿದಾಗ ಹೊಸ ಲ್ಯಾಪ್‌ಟಾಪ್ ಕಡೆ ನೋಡಬೇಡಿ. ಹಿಂದಿನ ಮುಚ್ಚಳ ತೆಗೆಸಿ ಮೆಮೊರಿಗೆ ಖಾಲಿ ಸ್ಲಾಟ್ ಇದೆಯಾ ನೋಡಿಸಿ. ಇದ್ದರೆ 16 ಜಿಬಿ ಮಾಡಿಸಿ. ಕೆಲವು ಲ್ಯಾಪ್‌ಟಾಪಿನಲ್ಲಿ ಮೆಮೊರಿ ಬೋರ್ಡಿಗೇ ಬೆಸೆದಿರುತ್ತೆ, ಕೇಳದೆ ಮೊದಲೇ ಕೊಳ್ಳಬೇಡಿ.

ಪೆನ್‌ಡ್ರೈವಿನ ಇಮೇಜ್ ವಿಚಾರ ನೇರವಾಗಿ ಹೇಳುತ್ತೇನೆ, ಅಳಿಸಿಬಿಡಿ. ಆ ಇಮೇಜ್ ಬಳಸುವ ಹಕ್ಕು ಸಿಸ್ಕೋ ಜೊತೆ ಲೈಸೆನ್ಸ್ ಮಾಡಿಕೊಂಡವರದ್ದು, ಕೈಯಿಂದ ಕೈಗೆ ಹಂಚುವ ಹಾಗಿಲ್ಲ. ಅದರ ಒಳಗೆ ಯಾರು ಏನು ಸೇರಿಸಿದ್ದಾರೆ ಅಂತ ತಿಳಿಯೋಕೂ ದಾರಿ ಇಲ್ಲ. ಅಷ್ಟೇ ಅಲ್ಲ, ಸಿಎಸ್‌ಆರ್ 1000ವಿ ಜಾಗಕ್ಕೆ ಸಿಸ್ಕೋ ಈಗಾಗಲೇ ಕ್ಯಾಟಲಿಸ್ಟ್ 8000ವಿ ತಂದಿದೆ. ಕೆಲಸಕ್ಕೆ ಸೇರಿದ ಮೇಲೆ ನಿಮ್ಮ ಕೈಗೆ ದೊಡ್ಡ ನೆಟ್‌ವರ್ಕಿನ ಬೀಗದ ಕೈ ಕೊಡುತ್ತಾರೆ. ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಸಾಫ್ಟ್‌ವೇರ್ ಮುಟ್ಟದ ಅಭ್ಯಾಸ ಈಗಿಂದಲೇ ಇರಲಿ. ಮಾಡಿದವರ ಜಾಗದಿಂದಲೇ ಇಳಿಸಿಕೊಳ್ಳಿ, ಇಳಿದ ಮೇಲೆ ಅವರು ಕೊಟ್ಟ, ಫೈಲಿನ ಬೆರಳಚ್ಚಿನಂಥ ಎಸ್‌ಎಚ್‌ಎ ಮೊತ್ತಕ್ಕೆ ತಾಳೆ ನೋಡಿ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಇಳಿಸುವಾಗ ನಡುವೆ ಸಿಗ್ನಲ್ ಹೋಗಿ ಫೈಲ್ ಅರ್ಧಕ್ಕೇ ನಿಂತಿರುತ್ತೆ, ಹೊರಗಿನಿಂದ ನೋಡಿದರೆ ಗೊತ್ತಾಗಲ್ಲ. ರೌಟರ್ ಏಳದೆ ಕಪ್ಪು ಪರದೆ ಬಂದಾಗ ಮೊದಲು ಅನುಮಾನ ಪಡಬೇಕಾದ್ದು ಅದನ್ನೇ. ಎರಡನೆಯದು ಕಾನ್ಸೋಲ್. ಕೆಲವು ಇಮೇಜ್ ಸೀರಿಯಲ್ ಕಡೆ ಮಾತಾಡಲ್ಲ, ಪರದೆ ಕಡೆ ಮಾತಾಡುತ್ತೆ. ಜಿಎನ್‌ಎಸ್3ಯಲ್ಲಿ ಕಾನ್ಸೋಲ್ ಬಗೆಯನ್ನು ಟೆಲ್ನೆಟ್‌ನಿಂದ ವಿಎನ್‌ಸಿಗೆ ಬದಲಾಯಿಸಿ ನೋಡಿ. ರೌಟರ್ ಎದ್ದು ಇಂಟರ್‌ಫೇಸ್ ಮಾತ್ರ ಕಾಣದಿದ್ದರೆ ನೆಟ್‌ವರ್ಕ್ ಕಾರ್ಡಿನ ಬಗೆ ಬದಲಾಯಿಸಿ. ಇ1000 ಇದ್ದರೆ ವರ್ಟ್‌ಐಓ ಮಾಡಿ, ವರ್ಟ್‌ಐಓ ಇದ್ದರೆ ಇ1000 ಮಾಡಿ.

ಈಗ ಕರೆಂಟಿನ ವಿಚಾರ. ಪುನರ್ವಸು, ಪುಷ್ಯ ಮಳೆ ಹಿಡಿದರೆ ನಿಮ್ಮ ಕಡೆ ಮರ ಬಿದ್ದು ತಂತಿ ಹರಿಯೋದು ಹೊಸದಲ್ಲ. ನನಗೂ ಒಮ್ಮೆ ಹೀಗಾಗಿದೆ. ಹನ್ನೆರಡು ರೌಟರಿನ ಬಿಜಿಪಿ ಲ್ಯಾಬ್, ಒಂದು ವಾರದ ಕೆಲಸ, ಸಂಜೆ ಕರೆಂಟ್ ಹೋಯಿತು. ಮತ್ತೆ ಆನ್ ಮಾಡಿದಾಗ ಮೂರು ರೌಟರಿನ ಡಿಸ್ಕ್ ಫೈಲ್ ಹಾಳಾಗಿತ್ತು. ಕಾನ್ಫಿಗರೇಶನ್ ಆ ಡಿಸ್ಕಿನ ಒಳಗೆ ಮಾತ್ರ ಇತ್ತು. ಅವತ್ತಿನಿಂದ ದಿನದ ಕೆಲಸ ಮುಗಿದ ಕೂಡಲೇ ಪ್ರತಿ ರೌಟರಿನ ರನ್ನಿಂಗ್ ಕಾನ್ಫಿಗರೇಶನ್ ಒಂದೊಂದು ಟೆಕ್ಸ್ಟ್ ಫೈಲಿಗೆ ಹಾಕಿ, ನನಗೇ ಮೇಲ್ ಮಾಡಿಕೊಳ್ಳುತ್ತೇನೆ. ಎಲ್ಲ ಸೇರಿ ಕೆಲವೇ ಕೆಬಿ, ಎಂಥ ಸಿಗ್ನಲ್‌ನಲ್ಲೂ ಹೋಗುತ್ತೆ.

ನಿಮಗೆ ಸಹಾಯ ಮಾಡುವ ಒಂದು ಸಂಗತಿ ಇದೆ. ಜಿಎನ್‌ಎಸ್3 ಮೂಲ ಇಮೇಜನ್ನು ಮುಟ್ಟೋದಿಲ್ಲ. ಪ್ರತಿ ರೌಟರ್ ಬದಲಾಯಿಸಿದ್ದನ್ನು ಮಾತ್ರ ಪ್ರಾಜೆಕ್ಟ್ ಫೋಲ್ಡರಿನ ಒಂದು ಸಣ್ಣ ಫೈಲಿನಲ್ಲಿ ಬರೆದುಕೊಳ್ಳುತ್ತೆ. ರೌಟರ್ ಹಾಳಾದರೆ ಅದನ್ನು ತೆಗೆದು ಹೊಸದು ಎಳೆದು ಹಾಕಿ, ಟೆಕ್ಸ್ಟ್ ಫೈಲಿನಿಂದ ಅಂಟಿಸಿದರೆ ಐದು ನಿಮಿಷದಲ್ಲಿ ಮೊದಲಿನ ಹಾಗೆ ಆಗುತ್ತೆ. ಉಳಿಸುವ ಕ್ರಮ ಮಾತ್ರ ಒಂದೊಂದರಲ್ಲಿ ಒಂದೊಂದು ಥರ. ಸಿಸ್ಕೋ, ಎಫ್‌ಆರ್‌ಆರ್ ಎರಡರಲ್ಲೂ ರೈಟ್ ಮೆಮೊರಿ ಹೊಡೆಯಬೇಕು. ವೈಓಎಸ್‌ನಲ್ಲಿ ಕಮಿಟ್ ಮಾಡಿದರೆ ಜಾರಿಗೆ ಬರುತ್ತೆ ಅಷ್ಟೆ, ಸೇವ್ ಅಂತ ಇನ್ನೊಂದು ಸಲ ಹೇಳಿದರೆ ಮಾತ್ರ ಉಳಿಯುತ್ತೆ. ಮೈಕ್ರೋಟಿಕ್ ತಾನೇ ಉಳಿಸಿಕೊಳ್ಳುತ್ತೆ.

ಶುರು ಮಾಡೋಕೆ ಒಂದು ಲ್ಯಾಬ್ ಹೇಳಿಕೊಡುತ್ತೇನೆ. ಐದು ಎಫ್‌ಆರ್‌ಆರ್ ರೌಟರ್ ತಗೊಳ್ಳಿ. ಶಿವಮೊಗ್ಗ, ಭದ್ರಾವತಿ, ಸಾಗರ, ಹೊಸನಗರ, ತೀರ್ಥಹಳ್ಳಿ ಅಂತ ಹೆಸರಿಡಿ. ರಸ್ತೆ ಇರುವ ಹಾಗೇ ತಂತಿ ಎಳೆಯಿರಿ. ಶಿವಮೊಗ್ಗದಿಂದ ಭದ್ರಾವತಿಗೆ ಒಂದು, ಸಾಗರಕ್ಕೆ ಒಂದು, ತೀರ್ಥಹಳ್ಳಿಗೆ ಒಂದು. ಸಾಗರದಿಂದ ಹೊಸನಗರಕ್ಕೆ, ಹೊಸನಗರದಿಂದ ತೀರ್ಥಹಳ್ಳಿಗೆ. ಶಿವಮೊಗ್ಗ–ತೀರ್ಥಹಳ್ಳಿ ನಡುವೆ ಮಾತ್ರ ನೇರ ತಂತಿ ಬೇಡ. ಜಿಎನ್‌ಎಸ್3 ಜೊತೆಗೇ ಬರುವ ಸಾದಾ ಸ್ವಿಚ್ ಎರಡು ಇಡಿ, ಒಂದು ಗಾಜನೂರು, ಇನ್ನೊಂದು ಮಂಡಗದ್ದೆ. ಅವು ಮೆಮೊರಿ ತಿನ್ನಲ್ಲ. ಎಲ್ಲವನ್ನೂ ಒಂದೇ ಸಲ ಎಬ್ಬಿಸಬೇಡಿ. ಏಳುವಾಗಲೇ ಪ್ರಾಸೆಸರ್ ಜಾಸ್ತಿ ಬೇಕಾಗೋದು, ಒಂದು ಎದ್ದ ಮೇಲೆ ಇನ್ನೊಂದು.

ಎಲ್ಲ ನೇಬರ್ ಫುಲ್, ಅಂದ್ರೆ ಪೂರ್ತಿ ಜೋಡಣೆ, ಆದ ಮೇಲೆ, ಶಿವಮೊಗ್ಗದಿಂದ ತೀರ್ಥಹಳ್ಳಿಯ ಲೂಪ್‌ಬ್ಯಾಕ್ (ಯಾವ ತಂತಿಗೂ ಸೇರದ, ರೌಟರಿನದ್ದೇ) ವಿಳಾಸಕ್ಕೆ ಪಿಂಗ್ ಬಿಟ್ಟುಕೊಂಡು, ಶಿವಮೊಗ್ಗದ ಆ ಕಡೆಯ ಇಂಟರ್‌ಫೇಸ್ ಶಟ್‌ಡೌನ್ ಮಾಡಿ. ಪಿಂಗ್ ಒಂದೆರಡು ತಪ್ಪಿ, ಸಾಗರ–ಹೊಸನಗರ ಸುತ್ತಿಕೊಂಡು ಹೋಗೋಕೆ ಶುರುವಾಗುತ್ತೆ. ಈಗ ಇಂಟರ್‌ಫೇಸ್ ಮತ್ತೆ ತೆರೆದು, ಎಲ್ಲ ಸರಿ ಹೋದ ಮೇಲೆ ಗಾಜನೂರು–ಮಂಡಗದ್ದೆ ನಡುವಿನ ತಂತಿ ತೆಗೆಯಿರಿ. ಈ ಸಲ ಪಿಂಗ್ 30ರಿಂದ 40 ಸೆಕೆಂಡ್ ಸತ್ತೇ ಹೋಗಿರುತ್ತೆ. ಎರಡೂ ರೌಟರಿಗೆ ತಮ್ಮ ಇಂಟರ್‌ಫೇಸ್ ಚೆನ್ನಾಗೇ ಕಾಣುತ್ತೆ, ನಡುದಾರಿಯಲ್ಲಿ ಏನಾಗಿದೆ ಅಂತ ಗೊತ್ತಿಲ್ಲ. ಡೆಡ್ ಟೈಮರ್ ಮುಗಿಯುವ ತನಕ ಕಾಯುತ್ತವೆ. ನಿಮ್ಮ ಸಿಎಸ್‌ಆರ್ ಲ್ಯಾಬಿನಲ್ಲಿ ಆಗುತ್ತಿದ್ದದ್ದೂ ಇದೇ ಕಾಯುವಿಕೆ. ಈಗ ನೀವೇ ಬೇಕೆಂದು ಅದನ್ನು ತರಿಸಿ ನೋಡಿದ್ದೀರಿ. ಆಮೇಲೆ ಹಲೋ, ಡೆಡ್ ಎರಡೂ ಸಮಯ ಕಮ್ಮಿ ಮಾಡಿ ನೋಡಿ, ದಾರಿ ಕಡಿದದ್ದನ್ನು ಬೇಗ ಪತ್ತೆ ಮಾಡುವ ಬಿಎಫ್‌ಡಿ ಹಾಕಿ ನೋಡಿ.

ಮುಂದೆ ರೌಟರ್‌ಗಳನ್ನು ಕಂಟೈನರ್‌ಗಳಾಗಿ ಓಡಿಸುವ ಕಂಟೈನರ್‌ಲ್ಯಾಬ್ ಕಡೆ ಹೋದರೆ ಒಂದು ಎಚ್ಚರ. ಅದು ಎಳೆಯುವ ತಂತಿಗೆ ಎಂಟಿಯು, ಅಂದ್ರೆ ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನೋ ಮಿತಿ, 9500 ಇರುತ್ತೆ, ಜಾಸ್ತಿ ರೌಟರ್ ಇಮೇಜ್ ಲೆಕ್ಕ ಹಿಡಿಯೋದು 1500. ಎರಡು ತುದಿ ಹೊಂದದಿದ್ದರೆ ನೇಬರ್ ಫುಲ್ ಆಗದೆ ಎಕ್ಸ್‌ಸ್ಟಾರ್ಟ್ ಅನ್ನೋ ಹಂತದಲ್ಲೇ ನಿಂತುಬಿಡುತ್ತೆ. ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲಿ ಬೈಕು, ಕಾರು ಬಿಟ್ಟು ಲಾರಿ ನಿಲ್ಲಿಸುತ್ತಾರಲ್ಲ, ಹಾಗೆ. ಹಲೋ ಸಣ್ಣದು, ದಾಟಿ ಹೋಗುತ್ತೆ. ಆಮೇಲೆ ತನಗೆ ಗೊತ್ತಿರುವುದರ ಪಟ್ಟಿ ಹೊತ್ತು ಬರುವ ಡಿಬಿಡಿ ಪ್ಯಾಕೆಟಿನಲ್ಲಿ, ಕಳಿಸಿದ ರೌಟರ್ ತನ್ನ ಎಂಟಿಯು ಎಷ್ಟು ಅಂತ ಬರೆದಿರುತ್ತೆ. ಅದು ತನ್ನದಕ್ಕಿಂತ ದೊಡ್ಡದು ಅಂತ ಕಂಡ ರೌಟರ್ ಒಪ್ಪಲ್ಲ. ಎರಡೂ ತುದಿಗೆ 1500 ಕೊಟ್ಟರೆ ಸರಿ ಹೋಗುತ್ತೆ.

ಈ ಐದು ರೌಟರಿನ ಲ್ಯಾಬ್ ಮಾಡಿ. ಅದರಲ್ಲೂ ನೇಬರ್ ತಾನಾಗೇ ಬೀಳುತ್ತಿದ್ದರೆ ಬರೆಯಿರಿ. ಬರೆಯುವಾಗ ನೇಬರ್ ಬಿದ್ದ ಹೊತ್ತಿನ ಲಾಗ್ ಸಾಲುಗಳು, ಅದೇ ಹೊತ್ತಲ್ಲಿ ಉಬುಂಟು ಟರ್ಮಿನಲ್‌ನಲ್ಲಿ ಫ್ರೀ ಕಮಾಂಡ್ ತೋರಿಸಿದ ಮೆಮೊರಿ ಲೆಕ್ಕ, ಎರಡನ್ನೂ ಜೊತೆಗೆ ಕಳಿಸಿ.